ಚಿಕ್ಕ ಪೆಟ್ಟಿಗೆಯ ತಪ್ಪೇನಿತ್ತು

ಮಾರ್ಚ್ ೧೪, ಗುರುವಾರ

ಅತ್ತಿಗೆಯೂ ನಾನೂ ನಡೆಸುವ ರಕ್ತಪರೀಕ್ಷೆಯ ಲ್ಯಾಬಿಗೆ ಯಾವ ಫೈರ್‌ವಾಲ್, ಅಂದರೆ ಇಂಟರ್ನೆಟ್ಟಿನಿಂದ ಹೊರಗಿನವರು ನುಗ್ಗದಂತೆ ತಡೆಯುವ ಪೆಟ್ಟಿಗೆ, ಕೊಳ್ಳಬೇಕು ಎಂಬುದು ಇಂದೂ ತೀರ್ಮಾನವಾಗಲಿಲ್ಲ. ಹೊರಗಿನವರಾರೋ ನಮ್ಮ ಕಂಪ್ಯೂಟರಿಗೆ ನುಗ್ಗಿ ರೋಗಿಗಳ ವರದಿ ನೋಡಿ ಹತ್ತು ದಿನವಾಯಿತು.

ಮಾರುವವನು ದೊಡ್ಡ ಪೆಟ್ಟಿಗೆಯನ್ನೇ ಹೊಗಳಿದ.

"ಏಳು ಕಂಪ್ಯೂಟರಿಗೆ ಇನ್ನೂರು ಜನ ಬಳಸೋ ಪೆಟ್ಟಿಗೆ ಯಾಕಪ್ಪಾ? ವರ್ಷ ವರ್ಷ ಲೈಸೆನ್ಸ್ ದುಡ್ಡು ಬೇರೆ!" ಎಂದೆ.

"ಹೋದ ಸಲ ಚಿಕ್ಕದು ತಗೊಂಡ್ರಿ ಸಾರ್, ಏನಾಯ್ತು ನೋಡಿ."

ಮೈಯುರಿಯಿತು. ಐದು ವರ್ಷದ ಹಿಂದೆ ಅದನ್ನು ಮಾರಿದವನೂ ಇವನೇ. "ಇದೊಂದಿದ್ರೆ ನಿಶ್ಚಿಂತೆಯಾಗಿ ಮಲಗಿ ಸಾರ್" ಎಂದಿದ್ದ. ಅದನ್ನೇ ಅವನ ಮುಖಕ್ಕೆ ಹೇಳಿದೆ. ಅವನು ಹಳೆಯ ಪೆಟ್ಟಿಗೆಯ ಹಿಂದೆ ಕೈಹಾಕಿದ. ದೀಪಗಳೇನೋ ಮಿನುಗುತ್ತಿದ್ದವು, ಇಂಟರ್ನೆಟ್ ತಂತಿ ಮಾತ್ರ ಅದನ್ನು ಬಿಟ್ಟು ನೇರ ನಮ್ಮ ಕಂಪ್ಯೂಟರುಗಳಿಗೆ ಹೋಗಿತ್ತು.

"ಇದನ್ನ ಕಿತ್ತೋರು ಯಾರಪ್ಪಾ?" ಎಂದು ಅತ್ತಿಗೆ ಅವನನ್ನು ದುರುಗುಟ್ಟಿ ನೋಡಿದರು. ನಾನೂ ನೋಡಿದೆ.

ಮನೆಗೆ ಬಂದು ಕೈಕಾಲು ತೊಳೆಯುವಾಗ ನೆನಪಾಯಿತು. ಆಸ್ಪತ್ರೆಗೆ ವರದಿಗಳು ಹೋಗದೆ ನಿಂತ ಒಂದು ಸೋಮವಾರ, ಅಲ್ಲಿಂದ ಫೋನಿನ ಮೇಲೆ ಫೋನು. ಪೆಟ್ಟಿಗೆಯೇ ತಡೆಯುತ್ತಿದೆಯೆಂದು ತಂತಿ ಕಿತ್ತು ನೇರ ಜೋಡಿಸಿದವನು ನಾನೇ. ಸಂಜೆ ಮತ್ತೆ ಹಾಕಿದರಾಯಿತು ಎಂದುಕೊಂಡಿದ್ದೆ.

ಅಂದರೆ ಚಿಕ್ಕದು ಸೋತೇ ಇಲ್ಲ. ಹೊಸದೂ ಚಿಕ್ಕದೇ ಸಾಕು. ನಾಳೆ ಅತ್ತಿಗೆಗೆ ಹಾಗೆಂದು ಹೇಳಬೇಕು. ಹೇಗೆ ಗೊತ್ತಾಯಿತು ಎಂದು ಕೇಳಿಯೇ ಕೇಳುತ್ತಾರೆ, ಆಗ ಆ ಸೋಮವಾರದ ಕಥೆಯನ್ನೂ ಹೇಳಬೇಕಾಗುತ್ತದೆ.