ಜಾಲಿಕಾಯಿ ತಿಂದ ಮಂದೆ

ಮಾರ್ಚ್ 3, ಭಾನುವಾರ

ರೊಪ್ಪದ ಬಾಗಿಲು ತೆಗೆದು ಕುರಿ ಎಣಿಸಿದೆ. ನೂರ ಹನ್ನೆರಡು. ಹೋದ ಭಾನುವಾರ ನೂರ ಮೂವತ್ತೊಂದಿದ್ದವು. ಸತ್ತ ಹತ್ತೊಂಬತ್ತರಲ್ಲಿ ಏಳು ಗಬ್ಬದವು.

ಊರ ಬಸವೇಶ್ ತನ್ನ ದಾಳಿಂಬೆ ತೋಟ ಹೆಚ್ಚಿಸಲೆಂದು ನಮ್ಮ ಕುರಿ ನೀರು ಕುಡಿಯುವ ಗೋಕಟ್ಟೆಗೆ ಮಣ್ಣು ಹೊಡೆಸಿದ. ನೀರಿಲ್ಲದ ಕುರಿಗಳು ಅವನ ಡ್ರಿಪ್ ತೊಟ್ಟಿಗೆ ಬಾಯಿ ಹಾಕಿದವು. ತೊಟ್ಟಿಯಲ್ಲಿ ಔಷಧಿ ಕಲಸಿಟ್ಟಿದ್ದ. ಕೇಳಲು ಹೋದರೆ ಬೈಕಿನಿಂದ ಇಳಿಯಲೂ ಇಲ್ಲ. "ಕುರಿಗಂತೂ ಬುದ್ಧಿ ಇಲ್ಲ. ಕಾಯೋರಿಗಾದ್ರೂ ಬ್ಯಾಡೇನು?" ಅಂದ.

ಮರೆಯಬಾರದು ಎಂದೇ ಬರೆದಿಡುತ್ತಿದ್ದೇನೆ.

ಮಾರ್ಚ್ 20

ನೀರಿಗೆ ಈಗ ಮಾರಿಕಣಿವೆ ಹಿನ್ನೀರಿನ ತನಕ ಹೋಗಬೇಕು. ಅಪ್ಪನ ಮಂಡಿ ಕೈಕೊಟ್ಟಿದೆ, ನಾನೇ ಹೊಡೆದುಕೊಂಡು ಹೋಗುತ್ತೇನೆ. ದಾರಿಯಲ್ಲಿ ಹಾಳೂರು. ಮುರುಕು ಗೋಡೆ, ಬಳ್ಳಾರಿ ಜಾಲಿ, ಅಷ್ಟೇ. ಅಲ್ಲಿಯವರೂ ಕಟ್ಟೆ ಮುಚ್ಚಿ ಹೊಲ ಮಾಡಿಕೊಂಡರಂತೆ. ಆಮೇಲೆ ಬಾವಿಗಳು ಬತ್ತಿದವು. ಜನ ಗುಳೆ ಹೋದರು. ಜಾಲಿ ಬಂತು. ಅಪ್ಪ ಈ ಕಥೆಯನ್ನು ಬೇಸರದಿಂದ ಹೇಳುತ್ತಾನೆ. ನಾನು ಇವತ್ತು ಬಸವೇಶನ ತೋಟ ನೆನೆದುಕೊಂಡು ಆ ಜಾಲಿಯನ್ನು ಖುಷಿಯಾಗಿ ನೋಡಿದೆ.

ಏಪ್ರಿಲ್ 26

ಬಸವೇಶ್ ನಮ್ಮ ಹಟ್ಟಿಗೆ ಬಂದಿದ್ದ! ಹೊಸದಾಗಿ ಗಿಡ ನೆಡುವ ನಾಲ್ಕು ಎಕರೆಯಲ್ಲಿ ಮಣ್ಣು ಸಿಮೆಂಟಿನಂತಾಗಿದೆಯಂತೆ. ಗೊಬ್ಬರಕ್ಕೆ ಒಂದು ವಾರ ನಮ್ಮ ಮಂದೆಯನ್ನು ಅಲ್ಲೇ ಕೂಡಿಹಾಕಿ ತರುಬಬೇಕಂತೆ. ಅದೇ ಬಾಯಿ.

ಅಪ್ಪ ಒಪ್ಪಿಬಿಟ್ಟ. ನಾನು ಕೂಗಾಡಿದೆ. "ಮಣ್ಣೇನು ತಪ್ಪು ಮಾಡೈತವ್ವ?" ಅಂದ.

ಅಪ್ಪನದೊಂದು ಕಟ್ಟಳೆ. ಯಾರದೇ ಹೊಲದಲ್ಲಿ ತರುಬುವ ಮುಂಚೆ ಐದು ದಿನ ಕುರಿಗೆ ಜಾಲಿಕಾಯಿ ತಿನ್ನಿಸುವಂತಿಲ್ಲ. ಒಣಹುಲ್ಲು ಮಾತ್ರ. ಜಾಲಿಬೀಜ ಕುರಿಯ ಹೊಟ್ಟೆಯಲ್ಲಿ ಅರಗುವುದಿಲ್ಲ, ಹಿಕ್ಕೆಯಲ್ಲಿ ಬಿದ್ದು ಮೊಳೆಯುತ್ತದೆ. ನಲವತ್ತು ವರ್ಷದಲ್ಲಿ ನಮ್ಮಪ್ಪ ಕಾಟಲಿಂಗಪ್ಪನ ಮಂದೆ ಕೂತ ಹೊಲದಲ್ಲಿ ಒಂದು ಜಾಲಿ ಹುಟ್ಟಿಲ್ಲ. ಅದಕ್ಕೇ ಹೊಸದುರ್ಗದ ಕಡೆಯವರೂ ಹುಡುಕಿಕೊಂಡು ಬರುತ್ತಾರೆ.

ಆದರೆ ಈಗ ಮೇಯಿಸುವುದು ನಾನು.

ಏಪ್ರಿಲ್ 29

ಹಾಳೂರು. ಕಾಯಿ ಹಳದಿಯಾಗಿ ನೆಲದ ತುಂಬ ಬಿದ್ದಿವೆ. ಸಾಲದೆಂದು ದೋಟಿಯಿಂದಲೂ ಉದುರಿಸಿದೆ. ತಿನ್ನಲಿ... ಹೊಟ್ಟೆ ಬಿರಿಯ ತಿನ್ನಲಿ.

ಸಂಜೆ ಅಪ್ಪ ಕೇಳಿದ — ಒಣಹುಲ್ಲೇ ತಾನೆ? ಹೂಂ ಅಂದೆ.

ಮೇ 9

ಒಂದು ವಾರ ತರುಬಿ ಎಬ್ಬಿಸಿಕೊಂಡು ಬಂದೆವು. ಹೊಲದ ತುಂಬ ಹಿಕ್ಕೆ. ಬಸವೇಶ್ ಹಲ್ಲು ಬಿಟ್ಟುಕೊಂಡು ಒಂದು ಚೀಲ ರಾಗಿ ಕೊಟ್ಟ. ನಾನೂ ನಕ್ಕೆ. ಅವನಿಗಿಂತ ಜಾಸ್ತಿ.

ಜೂನ್ 9

ಎರಡು ಹದ ಮಳೆ ಆಯಿತು. ಬೇಲಿ ಆಚೆ ನಿಂತು ನೋಡಿದೆ. ನಾಲ್ಕು ಎಕರೆಗೂ ಜಾಲಿ ಮೊಳಕೆ! ಯಾರೋ ಕೂರಿಗೆ ಹಿಡಿದು ಬಿತ್ತಿದ ಹಾಗೆ. ಬಸವೇಶ್ ಮಂಡಿಯೂರಿ ಒಂದೊಂದನ್ನೇ ಕೀಳುತ್ತಿದ್ದ. ಕೀಳಲಿ. ಸಾಯುವ ತನಕ ಕೀಳಲಿ. ಗಬ್ಬದ ಏಳು ಕುರಿಗಳ ಹೆಸರು ಮನಸ್ಸಿನಲ್ಲೇ ಹೇಳಿಕೊಂಡೆ. ಹೊಟ್ಟೆ ತಣ್ಣಗಾಯಿತು.

ಜೂನ್ 11

ಬಸವೇಶ್ ಒಂದು ಹಿಡಿ ಸಸಿ ತಂದು ಹಟ್ಟಿಯವರ ಮುಂದೆಲ್ಲ ಅಪ್ಪನ ಕಾಲಬುಡಕ್ಕೆ ಎಸೆದ. ನಿನ್ನ ಮಂದೆಯದೇ ಅಂದ.

ಅಪ್ಪ ಕೂಗಲಿಲ್ಲ. ಹೆಗಲ ಕಂಬಳಿ ತೆಗೆದು ನೆಲಕ್ಕೆ ಹಾಸಿ ಅದರ ಮೇಲೆ ಕೈಯಿಟ್ಟ.

"ಕಂಬಳಿ ಆಣೆ. ನಮ್ಮ ಮಂದೆ ಕಾಯಿ ತಿಂದಿಲ್ಲ. ಮೇಯ್ಸಿದ್ದು ನನ್ನ ಮಗಳು."

ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಬಸವೇಶ್ ಬೈಕ್ ಹತ್ತಿ ಹೋದ. ಕಂಬಳಿ ಮುಟ್ಟಿ ಸುಳ್ಳಾಡಿದವನು ಮತ್ತೆ ಅದನ್ನು ಹೆಗಲಿಗೆ ಹಾಕುವಂತಿಲ್ಲ; ಆ ಆಣೆಗೆ ಅವನೂ ಹೆದರುತ್ತಾನೆ.

ಜೂನ್ 12, ಮಧ್ಯಾಹ್ನ

ಬೆಳಿಗ್ಗೆ ಎದ್ದರೆ ಅಪ್ಪ ಇಲ್ಲ. ಹುಡುಕಿಕೊಂಡು ಹೋದೆ. ಬಸವೇಶನ ಹೊಲದಲ್ಲಿ, ಆ ಮಂಡಿ ಇಟ್ಟುಕೊಂಡು, ಕುಕ್ಕರಗಾಲಲ್ಲಿ ಕೂತಿದ್ದ. ಹೆಗಲ ಮೇಲೆ ಕಂಬಳಿ ಇರಲಿಲ್ಲ. ಪಕ್ಕದಲ್ಲಿ ಕಿತ್ತ ಸಸಿಗಳ ಗುಡ್ಡೆ.

ಕಲ್ಲಿನ ಸಂದಿಯಲ್ಲಿ ಉಳಿದಿದ್ದ ಒಣ ಹಿಕ್ಕೆಯೊಂದನ್ನು ಬೆರಳಲ್ಲಿ ಒಡೆದು ತೋರಿಸಿದ.

"ಇದು ಯಾವ ಹುಲ್ಲಿನ ಬೀಜ, ನೇತ್ರಾ?"

ಎದುರಿಗೆ ಕೂತು ಒಂದು ಸಸಿ ಎಳೆದೆ. ಎಲೆ ಮಾತ್ರ ಕೈಗೆ ಬಂತು, ಬೇರು ಒಳಗೇ ಉಳಿಯಿತು.

ಮನೆಗೆ ಬಂದು ಬರೆಯುತ್ತಿದ್ದೇನೆ. ಕಂಬಳಿ ಗೂಟದಲ್ಲಿ ನೇತಾಡುತ್ತಿದೆ. ಬಸವೇಶನ ಮೇಲಿನ ಸಿಟ್ಟು ಒಂದು ಚೂರೂ ಇಳಿದಿಲ್ಲ. ಅಪ್ಪ ಇನ್ನೂ ಅಲ್ಲೇ ಕೀಳುತ್ತಿದ್ದಾನೆ. ಹೋಗಿ ಹೇಳಬೇಕು, ಅಪ್ಪ, ನಾನು —