ಗೋದಾಮಿನ ಗೋಡೆಯಲ್ಲಿದ್ದ ಅಪ್ಪನ ಕೈಯಕ್ಷರ

ದುಬೈ
10 ಮಾರ್ಚ್ 2017, ಶುಕ್ರವಾರ

ಅಮ್ಮಾ,

ಹೇಗಿದ್ದೀ? ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದೀಯಾ? ಫೋನ್ ಇರುವಾಗ ಇವಳದ್ದೆಂತ ಕಾಗದ ಎಂದು ಗೊಣಗಬೇಡ. ಮೂರು ವಾರದಿಂದ ನೀನು “ಗೋಡೆಯ ಫೋಟೋ ತೆಗೆದೆಯಾ ಮಗಾ?” ಎಂದು ಕೇಳಿದಾಗಲೆಲ್ಲ ನಾನು ಮಾತು ತಪ್ಪಿಸಿದ್ದೇನೆ. ಕ್ಷಮಿಸು. ಕಾಗದವಾದರೆ ನೀನು ಅಳುವುದು ನನಗೆ ಕೇಳಿಸುವುದಿಲ್ಲ, ಪೂರ್ತಿ ಹೇಳಿ ಮುಗಿಸಬಹುದು.

ನಾನು ಚೆನ್ನಾಗಿದ್ದೇನೆ. ಸಿಲಿಕಾನ್ ಓಯಸಿಸ್‌ನ ಆಫೀಸಿನಲ್ಲಿ ದಿನವಿಡೀ ನಕ್ಷೆ ಬಿಡಿಸುತ್ತೇನೆ. ಕ್ರೀಕ್ ದಂಡೆಯಲ್ಲಿ ಅಪ್ಪ ಇಪ್ಪತ್ತೆರಡು ವರ್ಷ ಮೂಟೆ ಹೊತ್ತ ಗೋದಾಮನ್ನು ಕೆಡವದೆ ಸಂಗೀತ, ಚಿತ್ರಪ್ರದರ್ಶನಗಳಿಗೆ ಉಳಿಸುತ್ತಾರೆ, ಅದರ ನಕ್ಷೆ ನಮ್ಮಲ್ಲಿಗೇ ಬಂದಿದೆ ಎಂದಿದ್ದೆನಲ್ಲ. ಆ ವಾರವೇ ನನಗೆ ಜಪಾನಿನ ಒಂದು ಕಿರುಪುಸ್ತಕ ಸಿಕ್ಕಿತು. ಅದರಲ್ಲಿ ಹೊಳೆಯ ಪಕ್ಕ ಹಳೆಯ ವರ್ತಕರ ಮರದ ಮನೆಗಳು, ಬಿಳಿ ಗೋಡೆಯ ಉಗ್ರಾಣಗಳು. ದೋಣಿಯಿಂದ ಅಕ್ಕಿ ಇಳಿಸುತ್ತಿದ್ದ ಕಟ್ಟೆಯಲ್ಲಿ ಈಗ ಮಕ್ಕಳು ಕೂತು ವಾದ್ಯ ಕೇಳುತ್ತಾರೆ. ಸಾಹುಕಾರರ ಮಾಲು ತುಂಬಿದ್ದ ಜಾಗ ಎಲ್ಲರದ್ದಾಯಿತಲ್ಲ! ನಾನು ಬಸ್‌ಸ್ಟ್ಯಾಂಡಿನಲ್ಲಿ ಕಾರ್ಮಿಕ ಸಂಘದವರು ಹಂಚುತ್ತಿದ್ದ ಕರಪತ್ರ ಓದಿ ಬೆಳೆದವಳು, ನಿನಗೆ ಗೊತ್ತು. “ಕಟ್ಟಡವನ್ನು ಮೊದಲ ರೂಪಕ್ಕೆ ಮರಳಿಸಿ” ಎಂಬ ಆ ಪುಸ್ತಕದ ಒಂದು ಸಾಲನ್ನು ಬರೆದು ಮೇಜಿನ ಮುಂದೆ ಅಂಟಿಸಿಕೊಂಡೆ.

ಮೊದಲ ರೂಪ ಬೇಕೆಂದರೆ ಆಮೇಲೆ ಸೇರಿಸಿದ್ದನ್ನೆಲ್ಲ ತೆಗೆಯಬೇಕು. ತೆಗೆಯಬೇಕಾದ್ದಕ್ಕೆ ನಕ್ಷೆಯಲ್ಲಿ ಕೆಂಪು ಗೆರೆ ಹಾಕುವವಳು ನಾನು. ಕೂಲಿಯವರು ಮಲಗಲೆಂದು ಅಟ್ಟದಲ್ಲಿ ಕಟ್ಟಿಕೊಂಡಿದ್ದ ಹಲಗೆ ಗೋಡೆಗೂ ಹಾಕಿದೆ.

ಹೌದು ಅಮ್ಮಾ, ಅದೇ ಗೋಡೆ. ಅಲ್ಲಿಯ ಕೂಲಿಯವರದ್ದೊಂದು ಕಟ್ಟಳೆ ಇತ್ತಲ್ಲ: ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟವನು ತಾನು ಮಲಗುತ್ತಿದ್ದ ಜಾಗದ ನೇರಕ್ಕೆ, ಮೂಟೆಗೆ ಗುರುತು ಹಾಕುವ ಕಪ್ಪು ಬಣ್ಣದಲ್ಲಿ, ಹೆಸರು, ಬಂದ ವರ್ಷ, ಹೋಗುವ ವರ್ಷ ಬರೆಯಬೇಕು. ಬರೆಯದವನಿಗೆ ಕೊನೆಯ ಚಹಾ ಇಲ್ಲ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ನಿನಗೆ ಬಂದ ಕಾಗದಗಳೆಲ್ಲ ಅಪ್ಪನ ಜೊತೆ ದುಡಿಯುತ್ತಿದ್ದ ನಾರ್ಬರ್ಟ್ ಪೊರ್ಬುಗಳು ಬರೆದುಕೊಟ್ಟವು. ಆ ಗೋಡೆಗೆಂದೇ ಅಪ್ಪ ಹೆಸರು ಬರೆಯಲು ಕಲಿತರು. ಊರಿಗೆ ಬಂದ ಒಂಬತ್ತನೇ ದಿನ ತೀರಿಹೋದರು. “ಅವರ ಕೈಯಕ್ಷರ ಒಮ್ಮೆ ನೋಡಬೇಕು” ಎಂದು, ನಾನು ಇಲ್ಲಿಗೆ ಹೊರಟಾಗ ವಿಮಾನ ನಿಲ್ದಾಣದಲ್ಲಿ ನೀನು ಕೇಳಿದ್ದು ಅದೊಂದೇ.

ಕಳೆದ ತಿಂಗಳು ಪೊರ್ಬುಗಳನ್ನು ಗೋದಾಮಿಗೆ ಕರೆದುಕೊಂಡು ಹೋದೆ. ಅವರಿಗೀಗ ರಾಸ್ ಅಲ್ ಖೋರ್‌ನ ತರಕಾರಿ ಮಾರುಕಟ್ಟೆಯಲ್ಲಿ ಈರುಳ್ಳಿ ತೂಗುವ ಕೆಲಸ. ಸುಣ್ಣ ಹೊಡೆದ ಅಟ್ಟ, ಸಾಲು ದೀಪ ನೋಡಿ ನಕ್ಕರು. “ಎಂತ ಚಂದ ಮಾರಾಯ್ತಿ! ತಿಗಣೆಗಳ ವೀಸಾವೂ ಕ್ಯಾನ್ಸಲ್ಲಾ?” ಆಮೇಲೆ ಗೋಡೆ ಇದ್ದ ಕಡೆ ಕೈ ಆಡಿಸುತ್ತಾ ನಿಂತರು. “ಒಂದು ‘ಜ’ ಬರೆಯಲಿಕ್ಕೆ ಹದಿನೈದು ದಿನ ನನ್ನ ತಲೆ ತಿಂದಿದ್ದಾನೆ ಜಯಪಾಲ. ಬರೆದು ಮುಗಿಸಿ ಎಂತ ಹೇಳಿದ ಗೊತ್ತುಂಟಾ? ‘ಪೊರ್ಬುಗಳೇ, ಇನ್ನು ನನ್ನ ಹೆಂಡತಿಗೆ ನೀವು ಬರೆಯುವುದು ಬೇಡ’ ಅಂತ.”

ಹಲಗೆಗಳು ಎಲ್ಲಿ ಎಂದು ಕಾವಲಿನವನನ್ನು ಕೇಳಿದೆ. ಕಸದ ಲಾರಿಗೆ ಹೋದವು, ಖಲಾಸ್ ಎಂದ.

ಮನೆಗೆ ಬಂದು ಆ ಪುಸ್ತಕವನ್ನು ಮತ್ತೆ ತೆರೆದೆ. ನಾನು ಅರ್ಧ ಓದಿ ಮುಚ್ಚಿದ್ದೆ. ಉಳಿದರ್ಧದಲ್ಲಿ, ಅಲ್ಲಿನ ಹಮಾಲರು ಉಗ್ರಾಣದ ಕಂಬದಲ್ಲಿ ಗೀಚಿದ್ದ ಗುರುತುಗಳಿಗೆ ಗಾಜು ಹಾಕಿ ಕಾಪಾಡಿರುವ ಚಿತ್ರವಿತ್ತು.

ತಿಲಕನ ಪರೀಕ್ಷೆ ಚೆನ್ನಾಗಿ ಆಗಲಿ, ನನ್ನ ತಮ್ಮ ನನಗಿಂತ ಒಳ್ಳೆಯವನಾಗಲಿ. ನಾನು ದೈವ ದೇವರೆಂದರೆ ನಗುವವಳು. ಆದರೂ ಸಂಜೆ ದೀಪ ಹಚ್ಚುವಾಗ ನನ್ನನ್ನೂ ನೆನೆ.

ನಿನ್ನ ಮಗಳು,
ಅಕ್ಷಿತಾ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಗೆರೆ ಹಾಕುವ ಮೊದಲು ಅಳತೆ ತೆಗೆಯಲು ಇಂಜಿನಿಯರ್ ಜೊತೆ ನಾನು ಆ ಅಟ್ಟ ಹತ್ತಿದ್ದೆ. ಅಪ್ಪನ ಹೆಸರು ನೋಡಿದ್ದೆ. ದುಡಿದವರ ಹೆಸರು ಕಟ್ಟಡದಲ್ಲಿರಬೇಕು ಎಂದು ಊರೆಲ್ಲ ಭಾಷಣ ಮಾಡಿದವಳು ಆಫೀಸಿನಲ್ಲಿ ಮಾತ್ರ ‘ನಮ್ಮಪ್ಪ ಇಲ್ಲಿ ಸೂಪರ್‌ವೈಸರ್ ಆಗಿದ್ದರು’ ಎಂದು ಹೇಳಿಕೊಂಡಿದ್ದೆ. ಇಂಜಿನಿಯರ್ ಟಾರ್ಚ್ ಹಿಡಿದು ಕೇಳಿದರು, “ಇದು ನಿಮ್ಮ ಭಾಷೆಯಲ್ವಾ? ಯಾರು ಇವರೆಲ್ಲ?” ಫೋನ್ ನನ್ನ ಕೈಯಲ್ಲೇ ಇತ್ತು. “ಯಾರೋ ಕೂಲಿಯವರು ಸರ್” ಅಂದೆ. “ಉಳಿಸಿಕೊಳ್ಳೋಣವಾ?” ಎಂದು ಅವರು ಮತ್ತೆ ಕೇಳಿದರು.

ಬೇಡ ಅಂದೆ, ಅಮ್ಮಾ.