ನನ್ನ ತಂಗಿ ಪಾಸಾಗಿದ್ದೇ ತಪ್ಪಾಯಿತು

ಅಪರೂಪದ ಕಾಯಿಲೆಗಳ ಹೊಸ ಚಿಕಿತ್ಸೆಗೆ ರೋಗಿಗಳನ್ನು ಆರಿಸುವ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ನನ್ನ ತಂಗಿಯ ಆರೋಗ್ಯ ಸಾಕಷ್ಟು ಕೆಟ್ಟಿಲ್ಲ ಎಂದು ತಮ್ಮ ಸಮಿತಿ ತೀರ್ಮಾನಿಸಿದೆ. ತಮ್ಮ ಪತ್ರ ಇದನ್ನು ಇನ್ನೂ ಸಭ್ಯವಾಗಿ ಹೇಳುತ್ತದೆ: ‘ಸ್ಥಿತಿ ಸ್ಥಿರವಾಗಿರುವುದರಿಂದ ಜೀನ್ ತಿದ್ದುಪಡಿ ಚಿಕಿತ್ಸೆಯ ಪ್ರಯೋಗಕ್ಕೆ ಸದ್ಯ ಪರಿಗಣಿಸಲಾಗದು. ಹನ್ನೆರಡು ತಿಂಗಳ ನಂತರ ಮರುಪರೀಕ್ಷೆಗೆ ಬರಬಹುದು.’ ಅದೇ ಪತ್ರದ ಹಿಂಬದಿಯಲ್ಲಿ, ಸಣ್ಣ ಅಕ್ಷರದಲ್ಲಿ, ಇನ್ನೊಂದು ನಿಯಮವಿದೆ: ಕೈಯೂರದೆ ಕುರ್ಚಿಯಿಂದ ಏಳಲಾಗದವರಿಗೆ ಪ್ರಯೋಗದಲ್ಲಿ ಅವಕಾಶವಿಲ್ಲ. ಎರಡನ್ನೂ ಒಬ್ಬರೇ ಓದಿ ಸಹಿ ಹಾಕಿದರೋ, ಮುಂಬದಿಗೊಬ್ಬರು ಹಿಂಬದಿಗೊಬ್ಬರು ಇದ್ದಾರೋ ತಿಳಿಯದು. ಅವಳದು ಸ್ನಾಯುಗಳು ಒಂದೊಂದಾಗಿ ಸೋಲುವ, ಹುಟ್ಟಿನಿಂದಲೇ ಬಂದ ಕಾಯಿಲೆ. ಹನ್ನೆರಡು ತಿಂಗಳ ನಂತರ ಅವಳು ತಾನಾಗಿ ಏಳಲಾರಳು ಎಂದು ಅವಳ ಡಾಕ್ಟರರ ಅಂದಾಜು. ಅಂದರೆ ಈ ವರ್ಷ ಅತಿ ಚೆನ್ನಾಗಿದ್ದಾಳೆ, ಬರುವ ವರ್ಷ ಅತಿ ಕೆಟ್ಟಿರುತ್ತಾಳೆ. ತಮಗೆ ಒಪ್ಪಿಗೆಯಾಗುವ ಆ ನಡುವಿನ ದಿನ ಯಾವುದೆಂದು ತಿಳಿಸಿದರೆ ಅವತ್ತೇ ಕರೆತರುತ್ತೇವೆ.

ನಾನು ಎದುರು ನಿಂತು ಮಾತಾಡುವವಳಲ್ಲ. ತಮ್ಮ ಕಚೇರಿಗೆ ಎರಡು ಸಲ ಬಂದು, ಕಿಟಕಿಯ ಮುಂದೆ ನನ್ನ ಸರದಿ ಬಂದಾಗ ಹಿಂದಿನವರಿಗೆ ಜಾಗ ಬಿಟ್ಟು ವಾಪಸು ಹೋಗಿದ್ದೇನೆ. ಸಾಹಿತ್ಯದ ಪದವಿ ಕೊಟ್ಟ ಧೈರ್ಯವೆಲ್ಲ ಕಾಗದದ ಮೇಲಿನದು. ಆದ್ದರಿಂದ ಕಾಗದದ ಮೇಲೆಯೇ ಒಪ್ಪಿಕೊಳ್ಳುತ್ತೇನೆ, ತಪ್ಪು ನಮ್ಮ ಮನೆಯಲ್ಲೂ ಆಗಿದೆ.

ನಮ್ಮಮ್ಮ ಟೈಲರ್. ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮಕ್ಕಳನ್ನು ಪಾಸು ಮಾಡಿಸಬೇಕು ಎಂದಷ್ಟೇ ಅವಳಿಗೆ ಗೊತ್ತು. ಎರಡನೇ ಸಲದ ಪರೀಕ್ಷೆಗೆ ತಾವು ಕಳಿಸಿದ ಸೂಚನೆಯಲ್ಲಿ ಹತ್ತು ಮೀಟರ್ ನಡಿಗೆ ಎಂದಿತ್ತು. ಹೊಲಿಗೆಯ ಟೇಪು ಹಿಡಿದು ಅಡುಗೆಮನೆಯಿಂದ ಬೀದಿಬಾಗಿಲ ತನಕ ಅಳೆದಳು. ಮೂರು ಮೀಟರ್ ಕಡಿಮೆ ಬಿತ್ತು. ಯಂತ್ರ ಸರಿಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು, ಅದನ್ನು ಕೋಣೆಯೊಳಕ್ಕೆ ತಿರುಗಿಸಿದಳು. ನಾನು ಮೊಬೈಲಿನಲ್ಲಿ ಸೆಕೆಂಡು ಎಣಿಸಿದೆ. ಮೂರು ವಾರ ಹೀಗೇ ನಡೆಯಿತು. ಹನ್ನೆರಡು ವರ್ಷದ ತಂಗಿ ವಾದದಲ್ಲಿ ಎತ್ತಿದ ಕೈ, ಮನೆಯಲ್ಲಿ ಅವಳನ್ನು ಲಾಯರಮ್ಮ ಅಂತಲೇ ಕರೆಯುವುದು.

“ಕೋಚ್ ಮೇಡಂ, ನನಗೆ ಕಾಲು ನೋಯ್ತಿದೆ. ನಿಮ್ಮ ಫೋನಿಗೂ ನೋಯ್ತಿದ್ಯಾ?”

“ಇನ್ನೊಂದೇ ಸಲ ಕಣೇ.”

“ಇದು ಎಷ್ಟನೇ ಇನ್ನೊಂದೇ ಸಲ?”

ಪರೀಕ್ಷೆಗೆ ಮುಂಚೆ ಎರಡು ದಿನ ಅವಳನ್ನು ಹಾಸಿಗೆ ಬಿಟ್ಟು ಏಳಗೊಡಲಿಲ್ಲ. ತಮ್ಮ ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ, ಹಳದಿ ಪಟ್ಟಿಯ ಮೇಲೆ, ಅವಳು ಗೋಡೆ ಮುಟ್ಟದೆ ನಡೆದಳು. ಕೈಯೂರದೆ ಎದ್ದಳು. ಗಡಿಯಾರ ಹಿಡಿದಿದ್ದ ಫಿಸಿಯೋಥೆರಪಿ ಮೇಡಂ, “ಹೋದ ಸಲಕ್ಕಿಂತ ಚೆನ್ನಾಗಿ ಮಾಡಿದ್ಯಲ್ಲ ಪುಟ್ಟಿ” ಎಂದರು. ಅಮ್ಮ ಖುಷಿಯಲ್ಲಿ ನನ್ನ ಕೈ ಹಿಸುಕಿದಳು. ಆಮೇಲೆ ನಾಲ್ಕು ದಿನ ತಂಗಿಗೆ ಚಮಚ ಎತ್ತಲಾಗಲಿಲ್ಲ. ಆ ನಾಲ್ಕು ದಿನಗಳಿಗೆ ತಮ್ಮ ಫಾರಂನಲ್ಲಿ ಕಾಲಂ ಇಲ್ಲ. ಏಕೆ ಇಲ್ಲ? ಕಾಯಿಲೆಯೂ ತಮ್ಮ ಹಜಾರದ ಸಮಯಕ್ಕೆ ಬಂದು ಹೋಗುತ್ತದೆಯೇ?

ಈ ಚಿಕಿತ್ಸೆ ಪವಾಡವೆಂದು ನಾವು ನಂಬಿಲ್ಲ. ಒಂದು ವಂಶವಾಹಿಯನ್ನು ಸರಿಪಡಿಸಲು ಹೋಗಿ ಮತ್ತೆಲ್ಲೋ ಕತ್ತರಿ ಬೀಳಬಹುದು, ಬಿದ್ದರೆ ಮತ್ತೆ ಹೊಲಿಯಲಾಗದು ಎಂದು ಡಾಕ್ಟರು ಹೇಳಿದ್ದಾರೆ. ಕತ್ತರಿಯ ಮಾತು ಅಮ್ಮನಿಗೆ ತಕ್ಷಣ ಅರ್ಥವಾಯಿತು. ಆ ವಾರ ಅವಳು ಯಾರ ಬಟ್ಟೆಯನ್ನೂ ಕತ್ತರಿಸಲಿಲ್ಲ. ನನಗೂ ಭಯವಿದೆ. ತಾವು ‘ಅಪಾಯ ಹೆಚ್ಚು, ಬೇಡ’ ಎಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆವು. ‘ಚೆನ್ನಾಗಿದ್ದಾಳೆ, ಬೇಡ’ ಎಂದರೆ ಹೇಗೆ ಸುಮ್ಮನಿರುವುದು?

ತಮ್ಮ ಪತ್ರವನ್ನು ತಂಗಿಯೇ ಎರಡು ಸಲ ಓದಿದಳು. “ಹಂಗಾದ್ರೆ ಬೀಳೋದನ್ನ ಪ್ರಾಕ್ಟೀಸ್ ಮಾಡ್ಸು ಅಕ್ಕಾ. ಅದು ನಂಗೆ ಸುಲಭ” ಎಂದಳು. ಅಮ್ಮ ಹೊಲಿಗೆ ನಿಲ್ಲಿಸಿ ಹೇಳಿದಳು:

“ಬೀಳೋದನ್ನ ನಾನು ಕಲಿಸಲ್ಲ ಕಣೇ.”

ನೆಲದ ಮೇಲಿನ ಗೆರೆಯನ್ನು ಇವತ್ತಿಗೂ ಯಾರೂ ಒರೆಸಿಲ್ಲ.

ನನ್ನ ಒತ್ತಾಯ ಇಷ್ಟೇ. ಈ ತಿಂಗಳೊಳಗೆ ಮರುಪರೀಕ್ಷೆಯಾಗಬೇಕು. ಅದೂ ಮೊದಲೇ ತಿಳಿಸದೆ, ನಮ್ಮ ಮನೆಯಲ್ಲಿ, ಅವಳು ಶಾಲೆಯಿಂದ ಬಂದ ಮೇಲೆ. ಮರುದಿನವೂ ಒಮ್ಮೆ ಬರಬೇಕು. ಗಡಿಯಾರ ತನ್ನಿ, ಟೇಪು ನಮ್ಮಲ್ಲಿದೆ. ಬಾಗಿಲು ತೆಗೆಯುವುದು ತಡವಾದರೆ ದಯವಿಟ್ಟು ಹೊರಟುಹೋಗಬೇಡಿ. ತೆಗೆಯಲೆಂದು ಅವಳೇ ಏಳುತ್ತಿರುತ್ತಾಳೆ. ಬೇರೆಯವರು ತೆಗೆದರೆ ಅವಳಿಗೆ ಸಿಟ್ಟು.

ಇಂತಿ,
ತಂಗಿಯನ್ನು ಪಾಸು ಮಾಡಿಸಿ ತಲೆ ತಗ್ಗಿಸಿರುವ
ಅಕ್ಕ